ಪದ್ಮಿನಿಗೆ ಜಿಪ್ಸಿ ಇಂಜಿನ್ ಕೂಡುತ್ತದೆ, ಆದರೆ...

ಸರ್, ಪ್ರೀಮಿಯರ್ ಪದ್ಮಿನಿಗೆ ಮಾರುತಿ ಎಸ್ಟೀಮ್ ಇಂಜಿನ್ ಹಾಕಲೋ ಜಿಪ್ಸಿಯದ್ದೋ ಅಂತ ಕೇಳೀರಿ. ಜಿಪ್ಸಿಯದ್ದೇ ತಗೋರಿ. ಎಸ್ಟೀಮ್ ಮುಂದಿನ ಗಾಲಿ ಎಳೆಯೋ ಗಾಡಿ, ಪದ್ಮಿನಿ ಹಿಂದಿನ ಗಾಲಿ ತಳ್ಳೋ ಗಾಡಿ; ಎಸ್ಟೀಮ್‌ನ ಗೇರ್‌ಬಾಕ್ಸ್ ನಿಮಗೆ ಉಪಯೋಗಕ್ಕೆ ಬರಲ್ಲ. ಜಿಪ್ಸಿಯ 1298 ಸಿಸಿ ಇಂಜಿನ್ ಗಾಡಿಯ ಉದ್ದಕ್ಕೆ ಕೂಡುತ್ತದೆ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಗಾಲಿಗಳಿಗೆ ಶಕ್ತಿ ಹಂಚೋ ಪೆಟ್ಟಿಗೆ) ಬೇರೆಯೇ ಇರೋದರಿಂದ ಅದನ್ನು ಬಿಟ್ಟು ಐದು ಗೇರಿನ ಬಾಕ್ಸ್‌ನಿಂದ ನೇರ ಹಿಂದಕ್ಕೆ ಶಾಫ್ಟ್ ಕೊಡಬಹುದು.

ಒಂದು ತೊಡಕು: ಜಿಪ್ಸಿಯ ಸ್ಪೀಡೋಮೀಟರ್ ಕೇಬಲ್ ಹೊರಡೋದು ಟ್ರಾನ್ಸ್‌ಫರ್ ಕೇಸ್‌ನಿಂದ. ಅದು ಹೋದರೆ ಮೀಟರ್ ಸತ್ತಂಗೆ. ಜಿಪಿಎಸ್ ಮೀಟರ್ ಹಚ್ಚಿರಿ.

ಹಿಂದಕ್ಕೆ ಹೋಗೋ ಈ ಪ್ರೊಪೆಲ್ಲರ್ ಶಾಫ್ಟ್‌ಗೆ ಮುಂದೆ ಜಿಪ್ಸಿ ಫ್ಲ್ಯಾಂಜ್ (ಬೋಲ್ಟ್ ಹಾಕೋ ಚಪ್ಪಟೆ ತುದಿ), ಹಿಂದೆ ಪದ್ಮಿನಿಯದ್ದು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಾಗ ಲೇಥ್ ಕೆಲಸಕ್ಕೇನೂ ಬರ ಇಲ್ಲ, ಆದರೆ ವೆಲ್ಡ್ ಆದಮೇಲೆ ಬ್ಯಾಲೆನ್ಸ್ ಮಾಡಿಸದೆ ಹಾಕಬ್ಯಾಡ್ರಿ. ಗೇರ್‌ಬಾಕ್ಸ್ ತುದಿಯ ಇಳಿಜಾರು, ಡಿಫರೆನ್ಷಿಯಲ್ (ಹಿಂದಿನ ಗಾಲಿಗಳ ನಡುವಿನ ಗೇರ್ ಗುಂಡು) ಮೂತಿಯ ಇಳಿಜಾರು ಹೊಂದದಿದ್ದರೆ ವೇಗ ಏರಿದಂಗ ನೆಲ ನಡುಗುತ್ತದೆ. ಇಂಜಿನ್ ಕೂರಿಸೋ ಮೌಂಟ್ ಬೆಸೆಯೋ ಮೊದಲೇ ಆಂಗಲ್ ಗೇಜ್ ಇಟ್ಟು ನೋಡ್ರಿ. ಸಂಪ್‌ಗೂ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಕ್ರಾಸ್‌ಮೆಂಬರ್‌ಗೂ (ಅದರ ಕೆಳಗಿನ ಅಡ್ಡ ತೊಲೆ) 15 ಮಿ.ಮೀ. ಸಂದು ಇರಲಿ, ರಬ್ಬರ್ ಮೇಲೆ ಇಂಜಿನ್ ಅಲುಗಾಡುತ್ತದಲ್ಲ.

ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಬಿಡೋ) ಇಂಜಿನ್ ಆದರೆ ಇಸಿಯು (ಅದನ್ನು ನಡೆಸೋ ಕಂಪ್ಯೂಟರ್), ವೈರಿಂಗ್ ಎರಡೂ ಒಂದೇ ಗಾಡಿಯದ್ದಿರಲಿ. ಪದ್ಮಿನಿಯ ಹಳೆಯ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಸಾಲದು. ಸುಮಾರು 3 ಬಾರ್ ಕೊಡೋ ಎಲೆಕ್ಟ್ರಿಕ್ ಪಂಪ್, ಟ್ಯಾಂಕಿಗೆ ರಿಟರ್ನ್ ಪೈಪ್ ಬೇಕು.

ಎಂಪಿಎಫ್‌ಐ ಹಾಕಿದರೆ ಸುಮಾರು 40 ಅಶ್ವಶಕ್ತಿಯಿಂದ 80ಕ್ಕೆ ಏರ್ತೀರಿ, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್ ಇಟ್ಕೊಂಡು! ಮುಂದೆ ಡಿಸ್ಕ್ ಮೊದಲು ಹಾಕಿಸಿರಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ (ಗಾಡಿಯ ಮಾರ್ಪಾಡಿನ ಕುರಿತದ್ದು) ಒಪ್ಪಿಗೆ ಇಲ್ಲದಿದ್ದರೆ ಇದಕ್ಕೆ ಅಡ್ಡ ಬರುತ್ತದೆ. ಇಂಜಿನ್ ಕೊಳ್ಳೋ ಮೊದಲೇ ಬೆಳಗಾವಿ ಆರ್‌ಟಿಒದಾಗ ಕೇಳಿ ಒಪ್ಪಿಗೆ ಬರಹದಾಗ ತಗೋರಿ. ಆರ್‌ಸಿಯಲ್ಲಿ ಹಳೆಯ ಇಂಜಿನ್ ನಂಬರೇ ಉಳಿದರೆ ವಿಮೆ ಕ್ಲೇಮಿಗೆ ತಕರಾರು ಬರುತ್ತದೆ.