ಕಾಸರಗೋಡಿನ ಹಳೇ ಹಂಚಿನ ಮನೆ, ಎರಡು ನಾಯಿ, ಕೈಯಲ್ಲಿ ಕಮ್ಮಿ ದುಡ್ಡು: ರಿಪೇರಿ ಎಲ್ಲಿಂದ ಶುರು ಮಾಡಲಿ?

ಮೊದಲು ಮನೆಯ ಮಾಡು (ಚಾವಣಿ), ಆಮೇಲೆ ನೆಲ. ನಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಸೋರುವ ಮಾಡಿನ ಕೆಳಗೆ ಎಷ್ಟು ಚಂದದ ನೆಲ ಹಾಕಿದರೂ ದಂಡ. ಒಡೆದ ಹಂಚು, ಕೊಳೆತ ಪಕ್ಕಾಸು (ಮಾಡಿನ ಮರದ ತೊಲೆ), ರೀಪು (ಹಂಚು ಕೂರಿಸುವ ಮರದ ಪಟ್ಟಿ) ಮಾತ್ರ ಬದಲಿಸಿ. ಕೆಡವಿದ ಮನೆಗಳ ಹಂಚು ಅಗ್ಗಕ್ಕೆ ಸಿಗುತ್ತದೆ. ಆದರೆ ನಿಮ್ಮ ಹಂಚೊಂದನ್ನು ಹಿಡಿದುಕೊಂಡೇ ಹೋಗಿ. ಬೇರೆ ಬೇರೆ ಕಾರ್ಖಾನೆಯ ಹಂಚುಗಳು ಎಷ್ಟೋ ಸಲ ಒಂದಕ್ಕೊಂದು ಕೂರುವುದಿಲ್ಲ.

ನೆಲ ಕಿತ್ತು ನುಣುಪು ಟೈಲ್ಸ್ ಹಾಕಿಸಬೇಡಿ. ನಾಯಿಗಳ ಕಾಲು ಜಾರುತ್ತದೆ, ವಯಸ್ಸಾದವಕ್ಕಂತೂ ಎದ್ದು ನಿಲ್ಲುವುದೇ ಕಷ್ಟ. ಹಳೇ ಕೆಂಪು ಸಾರಣೆಯ ನೆಲ ಬಿರುಕು ಬಿಟ್ಟಿದ್ದರೆ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ ತೇಪೆ ಹಾಕಿಸಿ, ಸಾಕು. ಬಣ್ಣ ಪೂರ್ತಿ ಹೊಂದುವುದಿಲ್ಲ. ಇರಲಿ ಬಿಡಿ, ಉಗುರಿನ ಗೀರು ಹೇಗೂ ಬೀಳುತ್ತದಲ್ವಾ? ಹಸಿ ಸಿಮೆಂಟು ನಾಯಿಯ ಪಾದ ಸುಡುತ್ತದೆ. ನೀರು ಹಾಯಿಸುವ ಒಂದು ವಾರ ಆ ಕೋಣೆಗೆ ಬಿಡಬೇಡಿ. ನಾನು ಬಾಗಿಲು ಹಾಕಲು ಮರೆತಿದ್ದೆ. ನಮ್ಮ ಜಗಲಿಯಲ್ಲಿ ಈಗಲೂ ನಾಲ್ಕು ಹೆಜ್ಜೆ ಗುರುತಿದೆ.

ಗೆದ್ದಲಿಗೆ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದು ಇಲ್ಲಿ ಹಳೇ ಪದ್ಧತಿ. ಅದು ಚರ್ಮ ಸುಡುವಂಥದ್ದು. ಪಕ್ಕಾಸಿಗೆ ಪರವಾಗಿಲ್ಲ, ನಾಯಿ ಮೈ ಉಜ್ಜುವ ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ) ಬೇಡ. ಗೆದ್ದಲಿನ ಮದ್ದು ಹೊಡೆಸುವ ದಿನ ನಾಯಿಗಳನ್ನು ನೆಂಟರ ಮನೆಗೆ ಕಳಿಸಿ. ಅಟ್ಟದ ಇಲಿಗೆ ಬೋನು ಇಡಿ, ಪಾಷಾಣ ಬೇಡವೇ ಬೇಡ. ವಿಷ ತಿಂದ ಇಲಿಯನ್ನು ನಾಯಿ ತಿಂದರೂ ಅಪಾಯವೇ.

ಗೋಡೆಗೆ ಸುಣ್ಣ ಸಾಕು.