ಎಫ್‌ಐಆರ್ ಆಮೇಲೆ, ಮೊದಲು ಆಸ್ಪತ್ರೆ

ಹೆಸರು, ಊರು, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಅಂತ ಕರೆಯುತ್ತೇನೆ. ಅವನಿಗಾಗ ಹತ್ತು ವರ್ಷ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನ ತಾಯಿ, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಅವನನ್ನು ಕರೆದುಕೊಂಡು ಬಂದರು. ಎರಡು ತಿಂಗಳಿಂದ ಹೊಟ್ಟೆನೋವು ಅನ್ನುತ್ತಿದ್ದ. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಮನೆಯವರು ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಭಾನುವಾರ ರಾತ್ರಿ ಅವನೇ ಅಳುತ್ತಾ ಅಮ್ಮನಿಗೆ ಹೇಳಿದ್ದ. ಮನೆಗೆ ಬಂದು ಹೋಗುತ್ತಿದ್ದ ಸಂಬಂಧಿಯೊಬ್ಬ ಅವನ ಮೇಲೆ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದ. ಕೊನೆಯ ಸಲ ನಡೆದದ್ದು ಶನಿವಾರ ಸಂಜೆ.

ಸೋಮವಾರ ತಾಯಿ ಅವನನ್ನು ಒಂದು ಖಾಸಗಿ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದರು. "ಇದು ಪೊಲೀಸ್ ಕೇಸು, ಎಫ್‌ಐಆರ್ ತನ್ನಿ, ಆಮೇಲೆ ನೋಡೋಣ" ಅಂತ ಅಲ್ಲಿ ವಾಪಸ್ ಕಳಿಸಿದ್ದರು. ಹಾಗೆ ಒಂದು ಇಡೀ ದಿನ ಹೋಯಿತು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತದೆ. ಯಾಕೆಂದರೆ ಇಂಥ ಸಂದರ್ಭದಲ್ಲಿ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಶನಿವಾರ ಸಂಜೆ ಏಳರಿಂದ ಲೆಕ್ಕ ಹಾಕಿದೆ. ಇನ್ನು ಎಂಟು ಗಂಟೆ ಮಾತ್ರ ಉಳಿದಿತ್ತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಲ್ಲಿ ಎಫ್‌ಐಆರ್ ಆಗದಿದ್ದರೂ ಮಗುವಿನ ವೈದ್ಯಕೀಯ ಪರೀಕ್ಷೆ ಮಾಡಬಹುದು. ತುರ್ತು ಚಿಕಿತ್ಸೆಗೆ ಬಂದ ಮಗುವಿನ ಕಡೆಯವರಿಂದ ಪೊಲೀಸರ ಪತ್ರ, ಕೋರ್ಟಿನ ಪತ್ರ ಕೇಳುವ ಹಾಗಿಲ್ಲ ಅಂತ ಇದೇ ಕಾಯ್ದೆಯ 2020ರ ನಿಯಮಗಳು ಹೇಳುತ್ತವೆ. ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ಚಿಕಿತ್ಸೆ ಉಚಿತವಾಗಿಯೇ ಕೊಡಬೇಕು. ಈ ಕಾಯ್ದೆ ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ. "ಗಂಡು ಹುಡುಗನಿಗೆ ಏನಾಗತ್ತೆ ಬಿಡಿ" ಅಂತ ಹತ್ತಿರದವರೇ ಆ ತಾಯಿಗೆ ಹೇಳಿದ್ದರಂತೆ. ಆಗುತ್ತದೆ. ಗಾಯ ಆಗುತ್ತದೆ, ಸೋಂಕು ಆಗುತ್ತದೆ, ಭಯ ಒಳಗೇ ಕೂತುಬಿಡುತ್ತದೆ.

ಜಿಲ್ಲಾಸ್ಪತ್ರೆಗೆ ಹೊರಡುವ ಮುಂಚೆ ತಾಯಿ ನನ್ನ ಕೈ ಹಿಡಿದುಕೊಂಡರು. "ಮೇಡಂ, ಯಾರಿಗೂ ಗೊತ್ತಾಗದ ಹಾಗೆ ಔಷಧಿ ಕೊಡ್ಸೋಕಾಗಲ್ವಾ? ನಮ್ಮನೆ ಮರ್ಯಾದೆ..."

ಈ ಪ್ರಶ್ನೆಗೆ ನಾನು ಸುಳ್ಳು ಹೇಳುವುದಿಲ್ಲ. "ಆಗಲ್ಲಮ್ಮಾ. ಇದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೇ ಇರೋಕೆ ನನಗೂ ಆಗಲ್ಲ, ಡಾಕ್ಟರಿಗೂ ಆಗಲ್ಲ. ಆದರೆ ಔಷಧಿ ಅದಕ್ಕೆ ಕಾಯಲ್ಲ. ಪುಟ್ಟನ ಹೆಸರು, ಫೋಟೋ, ಶಾಲೆ ಯಾವುದನ್ನೂ ಪೇಪರಿನಲ್ಲಿ ಹಾಕುವ ಹಾಗಿಲ್ಲ. ಪೊಲೀಸರು ನಿಮ್ಮನೆಗೇ ಬಂದು ಮಾತಾಡಿಸಬಹುದು, ಯೂನಿಫಾರ್ಮ್ ಹಾಕಿಕೊಂಡು ಬರುವ ಹಾಗಿಲ್ಲ" ಅಂದೆ. ಅವರು ಬಹಳ ಹೊತ್ತು ಅತ್ತರು. ನಾನು ಅವಸರ ಮಾಡಲಿಲ್ಲ, ಆದರೆ ಗಡಿಯಾರ ನೋಡುತ್ತಲೇ ಇದ್ದೆ. ಆಮೇಲೆ ಅವರೇ ಎದ್ದು "ನಡೀರಿ" ಅಂದರು.

ಶನಿವಾರ ಹಾಕಿದ್ದ ಬಟ್ಟೆ ಇನ್ನೂ ಒಗೆದಿರಲಿಲ್ಲ. ಪ್ಲಾಸ್ಟಿಕ್ ಕವರ್ ಬೇಡ, ಪೇಪರಿನಲ್ಲಿ ಸುತ್ತಿ ತನ್ನಿ ಅಂತ ತಂದೆಗೆ ಫೋನಿನಲ್ಲಿ ಹೇಳಿದೆವು. ಜಿಲ್ಲಾಸ್ಪತ್ರೆಯ ಡಾಕ್ಟರ್ ಪುಟ್ಟನನ್ನೇ ಕೇಳಿದರು: "ನಾನು ನೋಡಬಹುದಾ? ಬೇಡ ಅನ್ನಿಸಿದಾಗ ಹೇಳು, ನಿಲ್ಲಿಸ್ತೀನಿ." ಅಮ್ಮ ಪಕ್ಕದಲ್ಲೇ ಇದ್ದರು. ನಾಲ್ಕು ಗಂಟೆಗೆ ಮೊದಲ ಮಾತ್ರೆ ಹೊಟ್ಟೆಗೆ ಹೋಯಿತು. ಆ ಮಾತ್ರೆ 28 ದಿನ. ವಾಕರಿಕೆ ಬಂದರೂ ತಪ್ಪಿಸಬಾರದು, ಮತ್ತೆ ಮತ್ತೆ ರಕ್ತ ಪರೀಕ್ಷೆಗೂ ಬರಬೇಕು. ಪೊಲೀಸರಿಗೆ ಆಸ್ಪತ್ರೆಯಿಂದಲೇ ಮಾಹಿತಿ ಹೋಯಿತು. ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಟ್ಟಿತು. ಕೇಸು ಮುಗಿಯುವವರೆಗೆ ಈ ಕುಟುಂಬದ ಜೊತೆ ಓಡಾಡುವುದು ಅವರ ಕೆಲಸ.

ದೇಹದ ಗಾಯ ಮೂರು ವಾರದಲ್ಲಿ ಮಾಗಿತು. ಮನಸ್ಸಿನದು ಹಾಗಲ್ಲ. ಪುಟ್ಟ ರಾತ್ರಿ ಬೆಚ್ಚಿ ಏಳುತ್ತಿದ್ದ. ನನ್ನ ಹತ್ತಿರ ಮೊದಲ ನಾಲ್ಕು ಭೇಟಿ ಚೌಕಾಬಾರ ಆಡಿದ್ದೇ ಬಂತು. ನಡೆದದ್ದರ ಬಗ್ಗೆ ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ಐದನೇ ಸಲ ಕವಡೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದ: "ಆಂಟಿ, ಅಪ್ಪ ಜೈಲಿಗೆ ಹೋಗ್ತಾರಾ?"

ಆಗ ಅರ್ಥವಾಯಿತು. ವಿಷಯ ಗೊತ್ತಾದ ದಿನ ತಂದೆ ಸಿಟ್ಟಿನಲ್ಲಿ "ಅವನನ್ನ ಕೊಚ್ಚಿ ಹಾಕ್ತೀನಿ" ಅಂತ ಕೂಗಾಡಿದ್ದರು. ತಾನು ಬಾಯಿ ಬಿಟ್ಟಿದ್ದಕ್ಕೇ ಅಪ್ಪನಿಗೆ ಕೆಡುಕಾಗುತ್ತದೆ ಅಂತ ಈ ಮಗು ಒಳಗೊಳಗೇ ಕೊರಗುತ್ತಿತ್ತು. ತಂದೆಯನ್ನು ಕರೆಸಿದೆ. "ನಿಮ್ಮ ಸಿಟ್ಟು ತಪ್ಪಲ್ಲಣ್ಣ, ಆದರೆ ಅವನಿಗೆ ಈಗ ಬೇಕಿರೋದು ನೀವು ಮನೇಲಿ ಇರ್ತೀರಿ ಅನ್ನೋ ಧೈರ್ಯ" ಅಂದೆ. ಅವರು ಆ ದಿನ ಮಗನ ಎದುರಿಗೇ ಹೇಳಿದರು: "ನಾನೆಲ್ಲೂ ಹೋಗಲ್ಲ ಕಣೋ. ನೀನು ಹೇಳಿದ್ದು ಒಳ್ಳೇದಾಯ್ತು." ಅಂದು ರಾತ್ರಿ ಪುಟ್ಟ ಎಚ್ಚರವಾಗದೆ ಮಲಗಿದನಂತೆ.

ಮನೆಯವರಿಗೆ ನಾನು ಹೇಳಿದ್ದು ಇಷ್ಟು. ಅವನಿಂದ ಮತ್ತೆ ಮತ್ತೆ ಕಥೆ ಹೇಳಿಸಬೇಡಿ, ಅಜ್ಜಿ ಕೇಳಿದರೂ ಬೇಡ. "ಮುಂಚೇನೇ ಯಾಕೆ ಹೇಳಲಿಲ್ಲ" ಅನ್ನುವ ಮಾತು ಬೇಡವೇ ಬೇಡ. ಊಟ, ನಿದ್ದೆ, ಶಾಲೆ ಮೊದಲಿನ ಹಾಗೇ ಇರಲಿ. ಹಾಸಿಗೆ ಒದ್ದೆಯಾದರೆ ಸುಮ್ನೆ ಬದಲಿಸಿ, ಮಾತಾಡಬೇಡಿ. ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ಕಾಯದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಪುಟ್ಟನ ನಿದ್ದೆ ಮತ್ತೆ ಕೆಟ್ಟಾಗ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆವು.

ತಾಯಿಗೂ ಆಸರೆ ಬೇಕಿತ್ತು. "ನನ್ನ ಮನೇಲೇ ಊಟ ಹಾಕಿದೆನಲ್ಲಾ ಅವನಿಗೆ" ಅಂತ ಹಲುಬುತ್ತಿದ್ದರು. ಅವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಮಕ್ಕಳಿಗೆ ತೊಂದರೆ ಆಗುತ್ತಿದೆ ಅಂತ ಗೊತ್ತಾದರೆ ಯಾರೇ ಆಗಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಅದನ್ನೂ ಅದೇ ಚೀಟಿಯಲ್ಲಿ ಬರೆದೆ.

ಪುಟ್ಟ ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಕೋರ್ಟಿನಲ್ಲಿ ಇನ್ನೂ ಹೇಳಿಕೆ ಆಗಿಲ್ಲ. ಆ ಮನುಷ್ಯನ ಮುಖ ನೋಡಬೇಕಾಗುತ್ತಾ ಅಂತ ಹೋದ ವಾರ ಕೇಳಿದ. ಅವನು ಕಾಣದ ಹಾಗೆ ಪರದೆಯನ್ನೋ ವಿಡಿಯೋವನ್ನೋ ಇಡುತ್ತಾರೆ, ಅಮ್ಮನೂ ಜೊತೆಗೆ ಇರುತ್ತಾರೆ ಅಂದೆ. ಸ್ವಲ್ಪ ಯೋಚಿಸಿ, "ನೀವೂ ಬರ್ತೀರಾ?" ಅಂದ. ದಿನಾಂಕ ಬಂದ ಕೂಡಲೇ ತಿಳಿಸು ಅಂತ ಅವನ ತಾಯಿಗೆ ಹೇಳಿಟ್ಟಿದ್ದೇನೆ.