ಹಳೇ ಯೆಜ್ಡಿಯ ಸಾಮಾನು: ಗಾಡಿ ಹೆಸರಲ್ಲ, ನಂಬರ್ ಹೇಳಿ ಕೇಳಿ

ಪ್ರಶ್ನೆ: ಅಪ್ಪನ ಕಾಲದ 1986ರ ಯೆಜ್ಡಿ ಬೈಕ್ ಇದೆ. ಬಿಳಿ ಹೊಗೆ ನಿಲ್ಲುತ್ತಿಲ್ಲ, ಗೇರ್ ಆಯಿಲ್ ಕಮ್ಮಿಯಾಗುತ್ತಿದೆ. ಕ್ರ್ಯಾಂಕಿನ ಆಯಿಲ್ ಸೀಲ್, ಬೇರಿಂಗ್ ಹೋಗಿವೆ ಅಂತಾರೆ ಮೆಕ್ಯಾನಿಕ್. ಅಂಗಡಿಯವರು ‘ಆ ಗಾಡಿ ಸಾಮಾನು ಬರೋದೇ ನಿಂತಿದೆ’ ಅಂತಾರೆ. ಎಲ್ಲಿ ಹುಡುಕಲಿ?

ಉತ್ತರ: ಮೆಕ್ಯಾನಿಕ್ ಸರಿಯಾಗಿಯೇ ಹಿಡಿದಿದ್ದಾರೆ. ಸೀಲ್ ಅಂದರೆ ಕ್ರ್ಯಾಂಕಿನ (ಪಿಸ್ಟನ್ ಓಡಾಟದಿಂದ ತಿರುಗುವ ದಂಡ) ಸುತ್ತ ಕೂರುವ ರಬ್ಬರ್ ಬಳೆ. ಕ್ಲಚ್ ಕಡೆಯದು ಸವೆದರೆ ಎಂಜಿನ್ ಗೇರ್ ಆಯಿಲನ್ನು ಒಳಗೆಳೆದು ಸುಡುತ್ತದೆ. ಡೈನಮೋ ಕಡೆಯದು ಹೋದರೆ ಗಾಳಿ ಎಳೆದು, ಪೆಟ್ರೋಲ್ ಸಾಲದೆ ಪಿಸ್ಟನ್ ಜಾಮ್ ಆಗಬಹುದು. ಹೇಗೂ ಎಂಜಿನ್ ಬಿಚ್ಚುತ್ತೀರಿ, ಎರಡೂ ಕಡೆಯದನ್ನು ಬದಲಿಸಿಬಿಡಿ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆದರೆ ಬೇರಿಂಗ್, ಸೀಲುಗಳು ಯೆಜ್ಡಿಯ ಸ್ವಂತ ಸಾಮಾನಲ್ಲ. ಅದೇ ಅಳತೆಯವು ಪಂಪು, ಮೋಟಾರುಗಳಿಗೂ ಹೋಗುತ್ತವೆ. ಹಾಗಾಗಿ ಸ್ಪೇರ್ ಪಾರ್ಟ್ಸ್ ಅಂಗಡಿ ಬಿಟ್ಟು ಬೇರಿಂಗ್ ಅಂಗಡಿಗೆ ಹೋಗಿ. ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಚಿನಲ್ಲಿ ಕೆತ್ತಿದ ನಂಬರನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ. 6305 ಅಂತಿದ್ದರೆ ಕೊನೆಯ 05 ಅನ್ನು ಐದರಿಂದ ಗುಣಿಸಿ: ಒಳರಂಧ್ರ 25 ಮಿ.ಮೀ. ಅದರ ಹೊರವ್ಯಾಸ 62, ದಪ್ಪ 17. ನಂಬರ್ ಅಳಿಸಿಹೋಗಿದ್ದರೆ ಅಳತೆ ಸಾಧನವಾದ ವರ್ನಿಯರ್‌ನಲ್ಲಿ ಈ ಮೂರು ಅಳತೆ ತೆಗೆದುಕೊಂಡರೆ ಸಾಕು. ಸೀಲಿನ ಮೇಲೂ ಒಳವ್ಯಾಸ, ಹೊರವ್ಯಾಸ, ದಪ್ಪ ಇದೇ ಕ್ರಮದಲ್ಲಿ ಇರುತ್ತವೆ.

ಹೆಚ್ಚಿನವರು ಎಡವುವುದು ನಂಬರಿನ ನಂತರ ಬರುವ ಸಿ3 (C3) ಗುರುತಿನಲ್ಲಿ. ಒಳಗಿನ ಸಡಿಲ ಸ್ವಲ್ಪ ಜಾಸ್ತಿ ಇರುವ ಬೇರಿಂಗ್ ಅದು. ಕ್ರ್ಯಾಂಕಿಗೆ ಬಿಗಿಯಾಗಿ ಕೂತು, ಬಿಸಿಗೆ ಹಿಗ್ಗಿದಾಗ ಗುಂಡುಗಳಿಗೆ ಆಡಲು ಜಾಗ ಬೇಕಲ್ಲ! ‘ಎರಡೂ ಒಂದೇ ಸಾರ್’ ಅಂತ ಮಾಮೂಲಿಯದನ್ನು ಕೊಟ್ಟರೆ ದಯವಿಟ್ಟು ತರಬೇಡಿ.

ಸೀಲ್ ಮಾತ್ರ ಹಳೇ ಸ್ಟಾಕಿನದು ಬೇಡ. ಪ್ಯಾಕೆಟ್ ಒಡೆಯದಿದ್ದರೂ ಇಪ್ಪತ್ತು ವರ್ಷದಲ್ಲಿ ರಬ್ಬರ್ ಗಟ್ಟಿಯಾಗಿರುತ್ತದೆ. ಸೀಲಿನ ತುಟಿಯನ್ನು (ಒಳಗಿನ ತೆಳು ಅಂಚು) ಹೆಬ್ಬೆರಳಿನಿಂದ ಬಾಗಿಸಿ ನೋಡಿ: ಮೆತ್ತಗೆ ಬಾಗಿ ತಕ್ಷಣ ಮರಳಬೇಕು, ಬಿರುಕು ಕಾಣಬಾರದು, ಒಳಗಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿರಬಾರದು. ಹಳೆಯದನ್ನು ಕೀಳುವ ಮೊದಲು ಸ್ಪ್ರಿಂಗ್ ಯಾವ ಕಡೆಗಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಕ್ಲಚ್, ಗೇರು, ಕ್ರ್ಯಾಂಕಿನಂಥ ಯೆಜ್ಡಿಗಷ್ಟೇ ಆಗುವ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಸುತ್ತಬೇಕು, ಮೈಸೂರಿನ ಹಳೇ ಮೆಕ್ಯಾನಿಕ್‌ಗಳನ್ನು ವಿಚಾರಿಸಬೇಕು. 2022ರಲ್ಲಿ ಮರಳಿ ಬಂದ ಯೆಜ್ಡಿಯ ಶೋರೂಮಿನಲ್ಲಿ ಕೇಳಿ ಪ್ರಯೋಜನವಿಲ್ಲ, ಅದು 334 ಸಿಸಿಯ ಫೋರ್ ಸ್ಟ್ರೋಕ್, ನಿಮ್ಮದು ಟೂ ಸ್ಟ್ರೋಕ್. ಗುಜರಿಯಿಂದ ಲೋಹದ ಭಾಗ ತರಬಹುದು, ರಬ್ಬರು, ಬೇರಿಂಗ್ ಬೇಡ.

ಎಂಜಿನ್ ಬಿಚ್ಚಿದಾಗ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿರುವುದು ಕಂಡರೆ ಪಿಸ್ಟನ್ ಕೈಗೆ ಸಿಗುವವರೆಗೆ ಸಿಲಿಂಡರನ್ನು ಲೇತಿಗೆ ಕೊಡಬೇಡಿ. ಬೋರಿನ ಮೂಲ ವ್ಯಾಸ 65 ಮಿ.ಮೀ. ಅದಕ್ಕಿಂತ ದೊಡ್ಡ ಪಿಸ್ಟನ್ ಕೂರಿಸಲು 0.50 ಮಿ.ಮೀ. ಓವರ್‌ಸೈಜ್ ಎಂದು ಬೋರ್ ಹೊಡೆಸಿದ ಮೇಲೆ ಅಂಗಡಿಯಲ್ಲಿ 0.75 ಮಾತ್ರ ಉಳಿದಿದ್ದರೆ ಮತ್ತೆ ಕೊರೆಸಬೇಕು, ಸಿಲಿಂಡರಿನ ಆಯುಸ್ಸು ಅಷ್ಟು ಕಡಿಮೆಯಾಯಿತು.